ಆಟದ ಮೇಲಿನ ‘7+’ ಏನು ಹೇಳುತ್ತದೆ, ಏನು ಬಿಟ್ಟುಬಿಡುತ್ತದೆ

ಪ್ಲೇ ಸ್ಟೋರ್‌ನಲ್ಲಿ ಯಾವುದಾದರೂ ಆಟದ ಪುಟ ತೆರೆಯಿರಿ. ಮೇಲೆ ಆಟದ ಹೆಸರು, ಅದರ ಕೆಳಗೆ ಎಷ್ಟು ಸ್ಟಾರ್, ಎಷ್ಟು ಜನ ಡೌನ್‌ಲೋಡ್ ಮಾಡಿದ್ದಾರೆ ಅನ್ನೋ ಲೆಕ್ಕ. ಅದರ ಪಕ್ಕದಲ್ಲೇ ಒಂದು ಪುಟ್ಟ ಅಂಕಿ: 3+, 7+, 12+, 16+ ಅಥವಾ 18+. ಮಗು ಪಕ್ಕದಲ್ಲಿ ಕೂತು ‘ಹಾಕ್ಕೊಡು, ಹಾಕ್ಕೊಡು’ ಅಂತ ಪೀಡಿಸುವಾಗ ನಮ್ಮಲ್ಲಿ ಬಹಳ ಜನ ನೋಡುವುದು ಸ್ಟಾರ್ ಮಾತ್ರ. ಸ್ವಲ್ಪ ಹುಷಾರಾಗಿರುವವರು ಆ ಅಂಕಿಯನ್ನೂ ನೋಡುತ್ತಾರೆ. ‘7+ ಅಂತಿದೆ, ನಮ್ಮವಳಿಗೆ ಎಂಟು ತುಂಬಿದೆ, ಪರವಾಗಿಲ್ಲ’ ಅಂದುಕೊಂಡು ಇನ್‌ಸ್ಟಾಲ್ ಒತ್ತುತ್ತಾರೆ.

ಆ ಅಂಕಿ ಸುಳ್ಳು ಹೇಳುತ್ತಿಲ್ಲ. ಆದರೆ ನಾವು ಕೇಳಬೇಕಾದ ಪ್ರಶ್ನೆ ಮೂರು, ಅದು ಉತ್ತರ ಕೊಡುವುದು ಒಂದಕ್ಕೆ. ಆಟದೊಳಗೆ ಏನು ಕಾಣಿಸುತ್ತದೆ? ಇದಕ್ಕೆ ಉತ್ತರ ಇದೆ. ಆಟದೊಳಗೆ ಯಾರು ಸಿಗುತ್ತಾರೆ? ಆಟದೊಳಗೆ ಏನು ಮಾರುತ್ತಾರೆ? ಈ ಎರಡಕ್ಕೆ ಆ ಅಂಕಿಯಲ್ಲಿ ಉತ್ತರ ಸಿಗುವುದಿಲ್ಲ. ಇವತ್ತು ಚಿಕ್ಕ ಮಕ್ಕಳಿಗೆ ತೊಂದರೆ ಬರುತ್ತಿರುವುದು ಜಾಸ್ತಿ ಈ ಎರಡು ಕಡೆಯಿಂದಲೇ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಹೀಗಾಯಿತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕ್ಯಾಸೆಟ್ ಕಾಲದ ವ್ಯವಸ್ಥೆ

1993ರ ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಒಂದು ವಿಚಾರಣೆ ನಡೆಯಿತು. ಜೋ ಲೀಬರ್ಮನ್ ಮತ್ತು ಹರ್ಬ್ ಕೋಲ್ ಎಂಬ ಸೆನೆಟರ್‌ಗಳು ಅದನ್ನು ಮುಂದೆ ನಿಂತು ನಡೆಸಿದರು. ಜಗಳ ಎದ್ದಿದ್ದು ಮುಖ್ಯವಾಗಿ ಎರಡು ಆಟಗಳ ಮೇಲೆ: ‘ಮಾರ್ಟಲ್ ಕಾಂಬ್ಯಾಟ್’ ಮತ್ತು ‘ನೈಟ್ ಟ್ರ್ಯಾಪ್’. ಮೊದಲನೆಯದರಲ್ಲಿ ಗೆದ್ದವನು ಸೋತವನ ಎದೆಯಿಂದ ಹೃದಯ ಕಿತ್ತು ಹಿಡಿಯುವ ದೃಶ್ಯವೇ ಇತ್ತು. ಇದನ್ನು ಮಕ್ಕಳಿಗೆ ಮಾರುತ್ತೀರಾ ಅಂತ ಸೆಗಾ, ನಿಂಟೆಂಡೋ ಕಂಪನಿಯವರನ್ನು ಎದುರಿಗೆ ಕೂರಿಸಿ ಕೇಳಿದರು. ನೀವೇ ಒಂದು ವ್ಯವಸ್ಥೆ ಮಾಡಿಕೊಳ್ಳಿ, ಇಲ್ಲದಿದ್ದರೆ ನಾವು ಮಾಡುತ್ತೇವೆ ಅನ್ನೋ ಎಚ್ಚರಿಕೆಯೂ ಬಂತು. 1994ರಲ್ಲಿ ಆಟ ತಯಾರಿಸುವವರೇ ಸೇರಿ ಇಎಸ್‌ಆರ್‌ಬಿ ಎಂಬ ಮಂಡಳಿ ಕಟ್ಟಿದರು. ಇವತ್ತು ಅದರ ಮುದ್ರೆಗಳಲ್ಲಿ ‘ಇ’ ಅಂದರೆ ಎಲ್ಲರಿಗೂ, ‘ಟಿ’ ಅಂದರೆ 13 ತುಂಬಿದವರಿಗೆ, ‘ಎಂ’ ಅಂದರೆ 17 ತುಂಬಿದವರಿಗೆ. ಯುರೋಪಿನಲ್ಲಿ 2003ರಿಂದ ಪೆಗಿ ಎಂಬ ಇನ್ನೊಂದು ವ್ಯವಸ್ಥೆ ಇದೆ. ಅಲ್ಲಿ ಅಕ್ಷರದ ಬದಲು ನೇರವಾಗಿ ವಯಸ್ಸು: 3, 7, 12, 16, 18.

ಗಮನಿಸಬೇಕಾದ್ದು ಆಗಿನ ಆಟ ಹೇಗಿತ್ತು ಅನ್ನೋದು. ವೀಡಿಯೋ ಗೇಮ್ ಕ್ಯಾಸೆಟ್ ಬದಲಾಯಿಸಿಕೊಂಡು ಆಡಿದವರಿಗೆ ನೆನಪಿರುತ್ತದೆ. ಆಟ ಪೂರ್ತಿ ಆ ಕ್ಯಾಸೆಟ್‌ನೊಳಗೇ ಇತ್ತು. ಎದುರಾಳಿ ಅಂದರೆ ಪಕ್ಕದಲ್ಲಿ ಕೂತ ತಮ್ಮ, ಇಲ್ಲವೇ ಯಂತ್ರ. ಕ್ಯಾಸೆಟ್ ಕೊಂಡ ಮೇಲೆ ಮತ್ತೆ ದುಡ್ಡು ಕೇಳುವ ಮಾತೇ ಇರಲಿಲ್ಲ. ಹಾಗಾಗಿ ಒಳಗೆ ರಕ್ತ ಇದೆಯಾ, ಬೈಗುಳ ಇದೆಯಾ, ಬೆತ್ತಲೆ ದೃಶ್ಯ ಇದೆಯಾ ಅಂತ ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ. ಸಿನಿಮಾಕ್ಕೆ ಸೆನ್ಸಾರ್ ಮಾಡುವ ಕ್ರಮವನ್ನೇ ಆಟಕ್ಕೂ ಹೊಂದಿಸಿದರು, ಅದು ಸರಿಯಾಗಿಯೇ ಕೂತಿತು.

ಆಮೇಲೆ ಇಂಟರ್ನೆಟ್ ಬಂತು. ಆಟದೊಳಗೆ ಅಪರಿಚಿತರು ಬಂದರು, ಅಂಗಡಿ ಬಂತು. ಅಂಕಿ ಮಾತ್ರ ಅದೇ ಹಳೆ ಪ್ರಶ್ನೆಗೆ ಉತ್ತರ ಕೊಡುತ್ತಾ ಕೂತಿತು.

ಮುದ್ರೆ ಒತ್ತುವವರು ಯಾರು?

ಫೋನಿನ ಆಟಗಳು ಬಂದಾಗ ಇನ್ನೊಂದು ಕಷ್ಟ ಎದುರಾಯಿತು. ಅಂಗಡಿಯಲ್ಲಿ ಡಬ್ಬಿಯಲ್ಲಿಟ್ಟು ಮಾರುವ ಆಟಗಳಾದರೆ ಮಂಡಳಿಯವರು ಕೂತು ನೋಡಬಹುದು. ಇಎಸ್‌ಆರ್‌ಬಿಯಲ್ಲಿ ಇವತ್ತಿಗೂ ಅಂಥ ಆಟಗಳಿಗೆ ಕಂಪನಿ ತನ್ನ ಆಟದ ಅತಿ ಖಾರದ ದೃಶ್ಯಗಳ ವೀಡಿಯೋ ಕೊಡಬೇಕು, ತರಬೇತಾದ ಜನ ಅದನ್ನು ನೋಡಿ ತೀರ್ಮಾನಿಸುತ್ತಾರೆ. ಆದರೆ ಪ್ಲೇ ಸ್ಟೋರ್‌ಗೆ ದಿನವೂ ಬಂದು ಬೀಳುವ ಆಟಗಳನ್ನೆಲ್ಲ ಹೀಗೆ ಕೂತು ನೋಡಲು ಯಾರಿಂದಲೂ ಸಾಧ್ಯವಿಲ್ಲ. ಅದಕ್ಕೆ 2013ರಲ್ಲಿ ಬೇರೆ ಬೇರೆ ದೇಶಗಳ ಮಂಡಳಿಗಳು ಸೇರಿ ಐಎಆರ್‌ಸಿ ಎಂಬ ಒಕ್ಕೂಟ ಮಾಡಿಕೊಂಡವು. 2015ರಿಂದ ಪ್ಲೇ ಸ್ಟೋರ್‌ನಲ್ಲಿ ಕಾಣುವ ಅಂಕಿ ಅಲ್ಲಿಂದಲೇ ಬರುತ್ತದೆ.

ಕೆಲಸ ನಡೆಯುವುದು ಹೀಗೆ. ಆಟ ಮಾಡಿದವರ ಮುಂದೆ ಒಂದು ಪ್ರಶ್ನಾವಳಿ ತೆರೆಯುತ್ತದೆ. ನಿಮ್ಮ ಆಟದಲ್ಲಿ ಹಿಂಸೆ ಇದೆಯೇ? ಇದ್ದರೆ ಮನುಷ್ಯರ ಮೇಲೋ, ಕಾಲ್ಪನಿಕ ಪ್ರಾಣಿಗಳ ಮೇಲೋ? ರಕ್ತ ಕಾಣುತ್ತದೆಯೇ? ನಿಜದಂತೆ ಕಾಣುತ್ತದೆಯೋ, ಕಾರ್ಟೂನಿನಂತೋ? ಹೆದರಿಸುವ ದೃಶ್ಯ? ಬೈಗುಳ? ಜೂಜು? ಮದ್ಯ, ತಂಬಾಕು? ಆಡುವವರು ಒಬ್ಬರಿಗೊಬ್ಬರು ಮಾತಾಡಬಹುದೇ? ಲೊಕೇಶನ್ ಬೇರೆಯವರಿಗೆ ಕಾಣುತ್ತದೆಯೇ? ದುಡ್ಡು ಕೊಟ್ಟು ಏನಾದರೂ ಕೊಳ್ಳಬಹುದೇ? ಹೌದು, ಇಲ್ಲ ಅಂತ ಗುರುತು ಹಾಕುತ್ತಾ ಹೋಗುವುದು, ಅಷ್ಟೇ. ಕೊನೆಗೆ ಸಾಫ್ಟ್‌ವೇರ್ ಲೆಕ್ಕ ಹಾಕಿ ಅಮೆರಿಕಕ್ಕೆ ಒಂದು ಮುದ್ರೆ, ಯುರೋಪಿಗೆ ಒಂದು, ಬ್ರೆಜಿಲ್‌ಗೆ ಒಂದು, ಆಸ್ಟ್ರೇಲಿಯಾಕ್ಕೆ ಒಂದು ಅಂತ ಕೊಡುತ್ತದೆ. ಉತ್ತರ ಒಂದೇ ಆದರೂ ದೇಶದಿಂದ ದೇಶಕ್ಕೆ ಅಂಕಿ ಬದಲಾಗುವುದು ಇದಕ್ಕೇ. ಜೂಜಿನ ಬಗ್ಗೆ ಒಂದು ದೇಶ ಬಿಗಿ, ಬೈಗುಳದ ಬಗ್ಗೆ ಇನ್ನೊಂದು.

ಅಂದರೆ ಪರೀಕ್ಷೆ ಬರೆದವರು ತಾವೇ ಉತ್ತರ ತುಂಬಿ ಕೊಡುವ ವ್ಯವಸ್ಥೆ ಇದು. ಪೂರ್ತಿ ಮೋಸ ಅಂತ ಹೇಳಲಾರೆ. ಮಂಡಳಿಗಳು ಆಮೇಲೆ ಪರಿಶೀಲನೆ ಮಾಡುತ್ತವೆ, ದೂರು ಬಂದರೆ ಅಂಕಿ ಬದಲಿಸುತ್ತವೆ. ಆದರೆ ಮೊದಲ ದಿನ ನೀವು ನೋಡುವ ಅಂಕಿ ಕಂಪನಿಯವರು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಮಾತಿನ ಮೇಲೆ ನಿಂತಿರುತ್ತದೆ. ಐಫೋನಿನಲ್ಲಿ ಆಪಲ್‌ಗೆ ತನ್ನದೇ ಪ್ರತ್ಯೇಕ ಪಟ್ಟಿ ಇದೆ. ಮೊದಲು 4+, 9+, 12+, 17+ ಅಂತ ಇತ್ತು, 2025ರಲ್ಲಿ ಅದನ್ನು 4+, 9+, 13+, 16+, 18+ ಅಂತ ಬದಲಿಸಿದರು. ಅಲ್ಲಿಯೂ ಉತ್ತರ ತುಂಬುವವರು ಆಟ ಮಾಡಿದವರೇ.

ಮತ್ತೆ ನಮ್ಮ ದೇಶದ ಮುದ್ರೆ? ಇಲ್ಲ. ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಇದೆ, 2024ರ ನವೆಂಬರ್‌ನಿಂದ ಯುಎ ಅನ್ನೋದನ್ನು 7+, 13+, 16+ ಅಂತ ಒಡೆದಿದ್ದಾರೆ. ಓಟಿಟಿಗೂ 2021ರ ನಿಯಮಗಳಲ್ಲಿ ಇಂಥದ್ದೇ ವಿಂಗಡಣೆ ಇದೆ. ವೀಡಿಯೋ ಗೇಮ್‌ಗೆ ಹೀಗೆ ವಯಸ್ಸು ಗೊತ್ತುಮಾಡುವ ನಮ್ಮದೇ ಮಂಡಳಿ ಇಲ್ಲ. ಭಾರತದ ಪ್ಲೇ ಸ್ಟೋರ್‌ನಲ್ಲಿ ಕಾಣುವುದು ಐಎಆರ್‌ಸಿಯವರ ‘ಸಾಮಾನ್ಯ’ ಅಂಕಿ, ಅಂದರೆ ಸ್ವಂತ ಮಂಡಳಿ ಇಲ್ಲದ ದೇಶಗಳಿಗೆಲ್ಲ ಅನ್ವಯಿಸುವ ಒಂದೇ ಲೆಕ್ಕ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾನೂನು ದೊಡ್ಡ ಸುದ್ದಿ ಆಯಿತು, ನಿಜ. ಆದರೆ ಅದು ಮುಖ್ಯವಾಗಿ ಹಿಡಿದಿದ್ದು ದುಡ್ಡು ಕಟ್ಟಿ, ಗೆದ್ದರೆ ದುಡ್ಡು ಬರುತ್ತದೆ ಅಂತ ಆಡುವ ಆಟಗಳನ್ನು. ನಿಮ್ಮ ಎಂಟು ವರ್ಷದ ಮಗಳ ಆಟದಲ್ಲಿ ಚಾಟ್ ಇರಬಹುದೇ ಅನ್ನೋದು ಬೇರೆ ಪ್ರಶ್ನೆ.

ಅಂಕಿಯ ಕೆಳಗಿನ ಸಣ್ಣ ಸಾಲು

ಈಗ ಒಂದು ಕೆಲಸ ಮಾಡಿ. ಆ ಅಂಕಿಯ ಮೇಲೆ ಬೆರಳಿಡಿ, ಇಲ್ಲವೇ ‘ಈ ಆಟದ ಬಗ್ಗೆ’ ಅನ್ನೋ ಭಾಗ ತೆರೆದು ಕೆಳಗೆ ಹೋಗಿ. ಅಂಕಿಯ ಜೊತೆಗೆ ಕಾರಣ ಬರೆದಿರುತ್ತದೆ: ಸಣ್ಣ ಪ್ರಮಾಣದ ಹಿಂಸೆ, ಭಯ ಹುಟ್ಟಿಸುವ ದೃಶ್ಯ, ಹೀಗೆ. ಅದರ ಆಚೆಗೆ ಇನ್ನೊಂದು ಸಾಲು ಇರಬಹುದು. ‘ಯೂಸರ್ಸ್ ಇಂಟರ್‌ಆಕ್ಟ್’, ಅಂದರೆ ಆಡುವವರು ಪರಸ್ಪರ ಸಂಪರ್ಕಕ್ಕೆ ಬರುತ್ತಾರೆ. ‘ಇನ್-ಗೇಮ್ ಪರ್ಚೇಸಸ್’, ಒಳಗೆ ಖರೀದಿ ಇದೆ. ಕೆಲವದರಲ್ಲಿ ‘ರ್‍ಯಾಂಡಮ್ ಐಟಮ್ಸ್ ಸೇರಿ’ ಅಂತಲೂ ಇರುತ್ತದೆ.

ನನಗೆ ಕೇಳಿದರೆ ಅಂಕಿಗಿಂತ ಈ ಸಾಲು ಮುಖ್ಯ. ಯಾಕಂದರೆ ಬಹುತೇಕ ಕಡೆ ಈ ಸಾಲಿನಲ್ಲಿರುವ ವಿಷಯ ಅಂಕಿಯನ್ನು ಏರಿಸುವುದಿಲ್ಲ. ಬಣ್ಣ ಬಣ್ಣದ ಗೊಂಬೆ ಓಡುವ ಆಟಕ್ಕೆ 3+ ಸಿಗಬಹುದು, ಅದರ ಜೊತೆಗೇ ‘ಯೂಸರ್ಸ್ ಇಂಟರ್‌ಆಕ್ಟ್’ ಅಂತಲೂ ಇರಬಹುದು. ಇಎಸ್‌ಆರ್‌ಬಿಯಂತೂ ಆನ್‌ಲೈನ್‌ನಲ್ಲಿ ನಡೆಯುವ ಮಾತುಕತೆಗೆ ನಮ್ಮ ರೇಟಿಂಗ್ ಅನ್ವಯಿಸುವುದಿಲ್ಲ ಅಂತ ಅಚ್ಚು ಹಾಕಿಯೇ ಬಿಟ್ಟಿದೆ. ಊರ ಜಾತ್ರೆಗೆ ಮಗುವನ್ನು ಕಳಿಸುವಾಗ ಅಲ್ಲಿ ಯಾವ ಯಾವ ಅಂಗಡಿ ಇವೆ ಅಂತ ಪಟ್ಟಿ ಕೊಟ್ಟರೆ ಸಾಕೇ? ಜಂಗುಳಿಯಲ್ಲಿ ಯಾರ್‍ಯಾರು ಇರುತ್ತಾರೆ ಅನ್ನೋದು ಪಟ್ಟಿಯಲ್ಲಿ ಇರುವುದಿಲ್ಲವಲ್ಲ.

ಇದಕ್ಕೆ ಚೆನ್ನಾದ ಉದಾಹರಣೆ ‘ಫೋರ್ಟ್‌ನೈಟ್’. ಅಮೆರಿಕದಲ್ಲಿ ಅದಕ್ಕೆ ‘ಟಿ’, ಯುರೋಪಿನಲ್ಲಿ 12. ಗುಂಡು ಹಾರಿಸುವ ಆಟ, ಆದರೆ ರಕ್ತ ಇಲ್ಲ, ಸತ್ತವರು ಮಾಯವಾಗುತ್ತಾರೆ, ಎಲ್ಲ ಕಾರ್ಟೂನು. ದೃಶ್ಯದ ಮಟ್ಟಿಗೆ ಆ ಅಂಕಿ ಸರಿ. ಆದರೆ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ಆಟದ ಕಂಪನಿ ಎಪಿಕ್ ಜೊತೆ 52 ಕೋಟಿ ಡಾಲರ್‌ನ ಇತ್ಯರ್ಥಕ್ಕೆ ಬಂತು. ಅದರಲ್ಲಿ 27.5 ಕೋಟಿ ಮಕ್ಕಳ ಖಾಸಗಿತನದ ಕಾನೂನು ಮುರಿದ ಆರೋಪಕ್ಕೆ ದಂಡ, 24.5 ಕೋಟಿ ಗ್ರಾಹಕರಿಗೆ ವಾಪಸ್. ಕಮಿಷನ್ ಎತ್ತಿದ ಮುಖ್ಯ ತಕರಾರುಗಳಲ್ಲಿ ಒಂದು ಇದು: ಬರೆಯುವ ಚಾಟ್, ಮಾತಾಡುವ ಚಾಟ್ ಎರಡೂ ಮೊದಲಿನಿಂದಲೇ ಆನ್ ಇರುತ್ತಿದ್ದವು, ಮಕ್ಕಳನ್ನೂ ಹದಿಹರೆಯದವರನ್ನೂ ಅಪರಿಚಿತರ ಜೊತೆ ಒಂದೇ ಆಟಕ್ಕೆ ಜೋಡಿಸಲಾಗುತ್ತಿತ್ತು. ಹಾಗೆ ಜೋಡಿಯಾದ ಮಕ್ಕಳು ಬೆದರಿಕೆ, ಕಿರುಕುಳ ಎದುರಿಸಿದ್ದರು. ಇನ್ನೊಂದು ತಕರಾರು, ಗುಂಡಿಗಳನ್ನು ಜೋಡಿಸಿದ ರೀತಿಯೇ ಗೊತ್ತಿಲ್ಲದೆ ಖರೀದಿ ಆಗಿಬಿಡುವ ಹಾಗಿತ್ತು ಅನ್ನೋದು. ಅಂಕಿಯ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಅದು ಈ ಎರಡರ ಬಗ್ಗೆ ಏನೂ ಹೇಳಿಯೇ ಇರಲಿಲ್ಲ.

‘ಮೈನ್‌ಕ್ರಾಫ್ಟ್’ ಇನ್ನೂ ತಮಾಷೆ. ಯುರೋಪಿನಲ್ಲಿ ಅದಕ್ಕೆ 7. ಮಗು ತನ್ನದೇ ಜಗತ್ತಿನಲ್ಲಿ ಒಂಟಿಯಾಗಿ ಇಟ್ಟಿಗೆ ಜೋಡಿಸುತ್ತಾ ಕೂತಿದ್ದರೆ ಅದಕ್ಕಿಂತ ಸುರಕ್ಷಿತ ಆಟ ಹುಡುಕುವುದು ಕಷ್ಟ. ಅದೇ ಆಟದಲ್ಲಿ ಯಾವುದೋ ಸಾರ್ವಜನಿಕ ಸರ್ವರ್‌ಗೆ ಹೋದರೆ ಸಾವಿರಾರು ಅಪರಿಚಿತರು. ಆಟ ಅದೇ, ಅಂಕಿ ಅದೇ.

ಆಟವಲ್ಲ, ಆಟಗಳ ಸಂತೆ

ರೋಬ್ಲಾಕ್ಸ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಪ್ರಾಥಮಿಕ ಶಾಲೆಯ ಮಕ್ಕಳ ಬಾಯಲ್ಲಿ ಈ ಹೆಸರು ಕೇಳಿಬಂದರೆ ಅಪ್ಪ ಅಮ್ಮ ಸಾಮಾನ್ಯವಾಗಿ ‘ಅದೊಂದು ಆಟ’ ಅಂದುಕೊಳ್ಳುತ್ತಾರೆ. 2006ರಲ್ಲಿ ಶುರುವಾದ ಅದು ಆಟಗಳನ್ನು ಯಾರು ಬೇಕಾದರೂ ಮಾಡಿ ಹಾಕಬಹುದಾದ ಒಂದು ಜಾಗ. ಒಳಗೆ ಲಕ್ಷಗಟ್ಟಲೆ ಆಟಗಳಿವೆ. ಒಂದರಲ್ಲಿ ಪಿಜ್ಜಾ ಅಂಗಡಿ ನಡೆಸುವುದು, ಇನ್ನೊಂದರಲ್ಲಿ ದೆವ್ವದ ಮನೆ. ಪ್ಲೇ ಸ್ಟೋರ್‌ನಲ್ಲಿ ಇವಕ್ಕೆಲ್ಲ ಸೇರಿ ಒಂದೇ ಅಂಕಿ. ಅದು ಏನು ತಾನೇ ಹೇಳೀತು?

ಹಾಗಾಗಿ ಕಂಪನಿ ಒಳಗೇ ತನ್ನದೊಂದು ವಿಂಗಡಣೆ ಇಟ್ಟುಕೊಂಡಿದೆ. ಪ್ರತಿ ಆಟಕ್ಕೂ ‘ಮಿನಿಮಲ್’, ‘ಮೈಲ್ಡ್’, ‘ಮಾಡರೇಟ್’, ‘ರಿಸ್ಟ್ರಿಕ್ಟೆಡ್’ ಎಂಬ ನಾಲ್ಕರಲ್ಲಿ ಒಂದು ಗುರುತು. 2024ರ ನವೆಂಬರ್‌ನಲ್ಲಿ ನಿಯಮ ಬಿಗಿ ಮಾಡಿದರು. ಒಂಬತ್ತಕ್ಕಿಂತ ಚಿಕ್ಕವರಿಗೆ ಮೊದಲ ಎರಡು ಬಗೆ ಮಾತ್ರ ತೆರೆಯುತ್ತವೆ, ‘ಮಾಡರೇಟ್’ಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. 13ಕ್ಕಿಂತ ಚಿಕ್ಕವರಿಗೆ ಆಟದ ಹೊರಗೆ ಖಾಸಗಿ ಮೆಸೇಜು ಬಂದ್. ಅಷ್ಟಕ್ಕೂ ಸುಮ್ಮನಾಗದೆ, ಮಕ್ಕಳ ಸುರಕ್ಷತೆಯ ಬಗ್ಗೆ ಎಲ್ಲ ಕಡೆಯಿಂದ ಒತ್ತಡ ಬಂದ ಮೇಲೆ 2025ರ ನವೆಂಬರ್‌ನಲ್ಲಿ ಇನ್ನೊಂದು ಹೆಜ್ಜೆ ಪ್ರಕಟಿಸಿದರು: ಚಾಟ್ ಬೇಕಾದರೆ ಕ್ಯಾಮೆರಾಕ್ಕೆ ಮುಖ ತೋರಿಸಬೇಕು, ಸಾಫ್ಟ್‌ವೇರ್ ವಯಸ್ಸು ಅಂದಾಜು ಮಾಡುತ್ತದೆ, ಸುಮಾರು ಅದೇ ವಯಸ್ಸಿನವರ ಜೊತೆ ಮಾತ್ರ ಮಾತಾಡಲು ಬಿಡುತ್ತದೆ. ಟರ್ಕಿಯಂಥ ದೇಶ 2024ರ ಆಗಸ್ಟ್‌ನಲ್ಲೇ ಇದೆಲ್ಲ ಬೇಡವೇ ಬೇಡ ಅಂತ ಪೂರ್ತಿ ಮುಚ್ಚಿಸಿಬಿಟ್ಟಿತ್ತು.

ಮುಖ ನೋಡಿ ವಯಸ್ಸು ಹೇಳುವುದು ಎಷ್ಟು ಸರಿ ಅನ್ನೋ ವಾದ ನಡೆಯುತ್ತಲೇ ಇದೆ. ಅಣ್ಣನನ್ನು ಕರೆದು ಕ್ಯಾಮೆರಾ ಮುಂದೆ ನಿಲ್ಲಿಸುವ ಉಪಾಯ ಹತ್ತು ವರ್ಷದ ಯಾವ ಹುಡುಗನಿಗೆ ಹೊಳೆಯುವುದಿಲ್ಲ ಹೇಳಿ? ಆದರೂ ಹುಟ್ಟಿದ ವರ್ಷ ಕೇಳಿ ಸುಮ್ನೆ ಒಳಗೆ ಬಿಡುವುದಕ್ಕಿಂತ ಇದು ಮೇಲು. ಆ ಚಕ್ರ ತಿರುಗಿಸಿ 1999 ಅಂತ ಹಾಕಲು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದುಡ್ಡಿನ ಕಡೆ

ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ಡೈಮಂಡ್, ಬಿಜಿಎಂಐನಲ್ಲಿ ಯುಸಿ, ರೋಬ್ಲಾಕ್ಸ್‌ನಲ್ಲಿ ರೋಬಕ್ಸ್. ಮಕ್ಕಳು ‘ಟಾಪ್‌ಅಪ್ ಮಾಡ್ಸು’ ಅಂತ ದುಂಬಾಲು ಬೀಳುವುದು ಇದಕ್ಕೆ. ನಿಜವಾದ ರೂಪಾಯಿಯನ್ನು ಮೊದಲು ಆಟದ ನಾಣ್ಯಕ್ಕೆ ಬದಲಾಯಿಸಬೇಕು, ಆಮೇಲೆ ಬಟ್ಟೆ, ಬಂದೂಕಿನ ಬಣ್ಣ, ಕುಣಿತ ಕೊಳ್ಳಬೇಕು. ಈ ನಡುವಿನ ನಾಣ್ಯ ಸುಮ್ನೆ ಇಟ್ಟಿದ್ದಲ್ಲ. ಒಂದು ಅಂಗಿಗೆ 450 ನಾಣ್ಯ ಅಂದರೆ ಎಷ್ಟು ರೂಪಾಯಿ ಅಂತ ದೊಡ್ಡವರಿಗೇ ತಕ್ಷಣ ಹೊಳೆಯುವುದಿಲ್ಲ. ಮೇಲಾಗಿ ನಾಣ್ಯದ ಪ್ಯಾಕುಗಳು 450ಕ್ಕೆ ಸರಿಯಾಗಿ ಸಿಗುವುದಿಲ್ಲ. 400ರದ್ದು ಸಾಲದು, 800ರದ್ದು ತಗೊಂಡರೆ 350 ಉಳಿಯುತ್ತದೆ. ಆ ಉಳಿದ 350 ಮುಂದಿನ ಟಾಪ್‌ಅಪ್‌ಗೆ ಕರೆಯುತ್ತಾ ಇರುತ್ತದೆ. (ಈ ಅಂಕಿಗಳು ಲೆಕ್ಕ ತೋರಿಸಲು ನಾನು ಹಾಕಿದ್ದು, ಯಾವುದೇ ಒಂದು ಆಟದ್ದಲ್ಲ.)

ಇದಕ್ಕಿಂತ ಕೆಟ್ಟದ್ದು ಲೂಟ್ ಬಾಕ್ಸ್. ದುಡ್ಡು ಕೊಟ್ಟು ಪೆಟ್ಟಿಗೆ ಕೊಳ್ಳುವುದು, ಒಳಗೆ ಏನಿದೆ ಅನ್ನೋದು ತೆರೆದ ಮೇಲೆ ಗೊತ್ತು. ‘ಲಕ್ಕಿ ಸ್ಪಿನ್’, ‘ಕ್ರೇಟ್’ ಅಂತ ಬೇರೆ ಬೇರೆ ಹೆಸರು. ಬೇಕಾದ್ದು ಬರುವವರೆಗೆ ತಿರುಗಿಸುತ್ತಾ ಇರುವುದು. ಜೂಜಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ಬೆಲ್ಜಿಯಂ ದೇಶ 2018ರಲ್ಲೇ ಇಂಥ ಕೆಲವನ್ನು ಜೂಜು ಅಂತಲೇ ಕರೆಯಿತು. ಜರ್ಮನಿಯ ಮಂಡಳಿ 2023ರಿಂದ ವಯಸ್ಸು ಗೊತ್ತುಮಾಡುವಾಗ ಚಾಟ್, ಲೂಟ್ ಬಾಕ್ಸ್‌ಗಳನ್ನೂ ಲೆಕ್ಕಕ್ಕೆ ತಗೊಳ್ಳುತ್ತಿದೆ. ಆಸ್ಟ್ರೇಲಿಯಾದಲ್ಲಿ 2024ರ ಸೆಪ್ಟೆಂಬರ್‌ನಿಂದ ಹೊಸ ಆಟದಲ್ಲಿ ದುಡ್ಡಿನ ಲೂಟ್ ಬಾಕ್ಸ್ ಇದ್ದರೆ ಕನಿಷ್ಠ ‘ಎಂ’ ಮುದ್ರೆ, ಅದು ಅಲ್ಲಿ 15 ದಾಟಿದವರಿಗೆ ಅಂತ ಸೂಚಿಸುವ ಮುದ್ರೆ. 2025ರ ಜನವರಿಯಲ್ಲಿ ‘ಗೆನ್‌ಶಿನ್ ಇಂಪ್ಯಾಕ್ಟ್’ ಆಟದ ಕಂಪನಿ ಅಮೆರಿಕದಲ್ಲಿ 2 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಹೆತ್ತವರ ಒಪ್ಪಿಗೆ ಇಲ್ಲದೆ 16ಕ್ಕಿಂತ ಚಿಕ್ಕವರಿಗೆ ಲೂಟ್ ಬಾಕ್ಸ್ ಮಾರುವುದಿಲ್ಲ ಅಂತಲೂ ಒಪ್ಪಿಕೊಂಡಿತು. ಅಂದರೆ ನಾನು ಮೇಲೆ ಹೇಳಿದ ಎರಡು ಪ್ರಶ್ನೆಗಳನ್ನು ಅಂಕಿಯೊಳಗೆ ತರುವ ಕೆಲಸ ಅಲ್ಲೊಂದು ಇಲ್ಲೊಂದು ದೇಶದಲ್ಲಿ ಈಗಷ್ಟೇ ಶುರುವಾಗಿದೆ.

ನಮ್ಮಲ್ಲಿ ಬಿಜಿಎಂಐ 2021ರಲ್ಲಿ ಬಂದಾಗ 18ಕ್ಕಿಂತ ಚಿಕ್ಕವರಿಗೆ ದಿನಕ್ಕೆ ಮೂರು ಗಂಟೆ ಆಟ, 7,000 ರೂಪಾಯಿ ಖರ್ಚು ಅಂತ ಮಿತಿ ಇಟ್ಟಿತ್ತು. ದಿನಕ್ಕೆ 7,000. ಅದು ಮಿತಿಯಂತೆ!

ಫೋನಿಗೆ ಗೊತ್ತಿರುವುದು ಅಪ್ಪನ ವಯಸ್ಸು

ಇಷ್ಟೆಲ್ಲ ನಿಯಮ ಇದ್ದರೂ ನಮ್ಮ ಮನೆಗಳಲ್ಲಿ ಅವು ಕೆಲಸ ಮಾಡದಿರುವುದಕ್ಕೆ ಒಂದು ಸರಳ ಕಾರಣ ಇದೆ. ಇಲ್ಲಿ ಮಗುವಿಗೆ ಬೇರೆ ಫೋನ್ ಇರುವುದಿಲ್ಲ. ಅಮ್ಮ ಅಡುಗೆಮನೆಯಲ್ಲಿದ್ದಾಗ ಅಮ್ಮನದು, ಅಪ್ಪ ಆಫೀಸಿನಿಂದ ಬಂದ ಮೇಲೆ ಅಪ್ಪನದು, ರಜೆಗೆ ಊರಿಗೆ ಹೋದಾಗ ಅಜ್ಜನದು. ಆ ಫೋನಿನಲ್ಲಿರುವ ಗೂಗಲ್ ಅಕೌಂಟ್ 38 ವರ್ಷದ ಗಂಡಸಿನದ್ದು. ಹಾಗಾಗಿ ಪ್ಲೇ ಸ್ಟೋರ್‌ನ ಲೆಕ್ಕದಲ್ಲಿ ಆಡುತ್ತಿರುವುದು ಅಪ್ಪ. 18+ ಆಟವನ್ನೂ ಅದು ಯೋಚನೆ ಮಾಡದೆ ಕೊಡುತ್ತದೆ. ಅಪ್ಪನಿಗೆ ಆಸಕ್ತಿ ಇರಬಹುದಾದ ಜಾಹೀರಾತನ್ನೂ ನಡುನಡುವೆ ತೋರಿಸುತ್ತದೆ.

2023ರ ನಮ್ಮ ಡಿಜಿಟಲ್ ದತ್ತಾಂಶ ಕಾನೂನು ಕಾಗದದ ಮೇಲೆ ಬಹಳ ಬಿಗಿ. ಅಮೆರಿಕದಲ್ಲಿ 13ರೊಳಗಿನವರು ಮಾತ್ರ ಮಕ್ಕಳು, ನಮ್ಮಲ್ಲಿ 18ರೊಳಗಿನ ಎಲ್ಲರೂ. ಮಗುವಿನ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಅದೂ ಪರಿಶೀಲಿಸಬಹುದಾದ ಒಪ್ಪಿಗೆ. ಮಕ್ಕಳನ್ನು ಹಿಂಬಾಲಿಸಿ ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಕಂಪನಿಗಳಿಗೆ ಸಿದ್ಧವಾಗಲು 18 ತಿಂಗಳು ಕೊಟ್ಟಿದ್ದಾರೆ. ಆದರೆ ಆಡುತ್ತಿರುವುದು ಮಗು ಅಂತ ಕಂಪನಿಗೆ ಗೊತ್ತಾದರೆ ತಾನೇ ಇದೆಲ್ಲ? ಅಪ್ಪನ ಅಕೌಂಟಿನಲ್ಲಿ ಆಡುವ ಮಗುವಿಗೆ ಈ ರಕ್ಷಣೆ ತಲುಪುವುದು ಕಷ್ಟ.

ಆದ್ದರಿಂದ ಮೊದಲ ಕೆಲಸ, ಫೋನಿಗೆ ಮಗುವಿನ ಪರಿಚಯ ಮಾಡಿಸುವುದು. ಮಗುವಿಗೇ ಅಂತ ಒಂದು ಹಳೆ ಫೋನ್ ಅಥವಾ ಟ್ಯಾಬ್ ಇದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಬಳಸಿ ಮಗುವಿನ ನಿಜವಾದ ವಯಸ್ಸು ಹಾಕಿ ಅಕೌಂಟ್ ಮಾಡಿ. ಹೊಸ ಆಟ ಹಾಕಲು ನಿಮ್ಮ ಫೋನಿಗೆ ಕೇಳಿಕೆ ಬರುತ್ತದೆ, ಖರೀದಿಗೂ ಅಷ್ಟೇ. ಐಫೋನಿನಲ್ಲಿ ಫ್ಯಾಮಿಲಿ ಶೇರಿಂಗ್, ಸ್ಕ್ರೀನ್ ಟೈಮ್, ‘ಆಸ್ಕ್ ಟು ಬೈ’ ಇದೇ ಕೆಲಸ ಮಾಡುತ್ತವೆ.

ನಿಮ್ಮದೇ ಫೋನ್ ಕೊಡುವುದಾದರೆ ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್ ಅಂತ ಹೋಗಿ ಪಿನ್ ಇಡಿ, ಆಟಗಳಿಗೆ 7+ ಅಂತಲೋ ಏನೋ ಮಿತಿ ಹಾಕಿ. ಮಿತಿ ಹೊಸದಾಗಿ ಇಳಿಸಿಕೊಳ್ಳುವ ಆಟಕ್ಕೆ, ಮೊದಲೇ ಫೋನಿನಲ್ಲಿ ಕೂತಿರುವ ಆಟ ಹಾಗೇ ಇರುತ್ತದೆ. ಅದನ್ನು ಕೈಯಾರೆ ತೆಗೆಯಬೇಕು. ಆ್ಯಪ್ ಪಿನ್ನಿಂಗ್ ಅನ್ನೋ ಸೌಲಭ್ಯ ಬಹಳ ಜನಕ್ಕೆ ಗೊತ್ತಿಲ್ಲ. ಹೊರಬರುವಾಗ ಲಾಕ್ ಕೇಳುವ ಆಯ್ಕೆ ಆನ್ ಮಾಡಿ, ಒಂದು ಆಟವನ್ನು ಪಿನ್ ಮಾಡಿ ಕೊಟ್ಟರೆ ಮಗು ಅದರಿಂದ ಹೊರಗೆ ಹೋಗಲು ನಿಮ್ಮ ಲಾಕ್ ನಂಬರ್ ಬೇಕು. ವಾಟ್ಸಾಪ್, ಬ್ಯಾಂಕ್ ಆ್ಯಪ್ ಎಲ್ಲ ಆಚೆಗೇ ಉಳಿಯುತ್ತವೆ. ಖರೀದಿಯ ಸೆಟ್ಟಿಂಗ್‌ನಲ್ಲಿ ಪ್ರತಿ ಸಲವೂ ಪಾಸ್‌ವರ್ಡ್ ಕೇಳುವಂತೆ ಇಡಿ, ಕಾರ್ಡ್ ಉಳಿಸಿಡಬೇಡಿ. ಮತ್ತೆ ಆ ಲಾಕ್ ನಂಬರ್, ಯುಪಿಐ ಪಿನ್ ಎರಡೂ ಒಂದೇ ಆಗಿದ್ದು, ಅದು ಮಗುವಿನ ಹುಟ್ಟಿದ ವರ್ಷವೇ ಆಗಿದ್ದರೆ ಇದ್ಯಾವುದರಿಂದಲೂ ಪ್ರಯೋಜನ ಇಲ್ಲ!

ಸ್ಟೋರ್‌ನಲ್ಲಿ ಸಿಗದೆ ಎಲ್ಲೋ ಲಿಂಕಿನಿಂದ ಇಳಿಸಿಕೊಳ್ಳುವ ‘ಮಾಡ್ ಎಪಿಕೆ’ಗಳಿಗೆ, ಅಂದರೆ ಯಾರೋ ತಿದ್ದಿದ ಆಟದ ಫೈಲುಗಳಿಗೆ, ಅಂಕಿಯೇ ಇಲ್ಲ, ಪರಿಶೀಲನೆಯೂ ಇಲ್ಲ. ‘ಫ್ರೀ ಡೈಮಂಡ್’ ಅಂತ ಬರುವ ಲಿಂಕುಗಳು ಪಾಸ್‌ವರ್ಡ್ ಕದಿಯುವ ಬಲೆ.

ಆಮೇಲೆ ಆಟದೊಳಗಿನ ಸೆಟ್ಟಿಂಗ್. ಇದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಆಟ ಹಾಕಿದ ಮೇಲೆ ಮಗುವಿಗೆ ಕೊಡುವ ಮುಂಚೆ ನೀವೇ ಒಂದರ್ಧ ಗಂಟೆ ಆಡಿ. ಮೈಕ್ ಗುರುತು ಎಲ್ಲಿದೆ, ಚಾಟ್ ಡಬ್ಬಿ ಎಲ್ಲಿದೆ, ಫ್ರೆಂಡ್ ರಿಕ್ವೆಸ್ಟ್ ಯಾರು ಕಳಿಸಬಹುದು ನೋಡಿ. ಚಾಟ್ ಬಂದ್ ಮಾಡಲು ಬಂದರೆ ಮಾಡಿ, ಇಲ್ಲದಿದ್ದರೆ ‘ಫ್ರೆಂಡ್ಸ್ ಮಾತ್ರ’ ಅಂತ ಇಡಿ. ಚಾಟ್ ಬಂದ್ ಮಾಡುವ ದಾರಿಯೇ ಇಲ್ಲದ ಆಟ ಏಳೆಂಟು ವರ್ಷದ ಮಗುವಿಗೆ ಬೇಡ, ಅಂಕಿ 3+ ಇದ್ದರೂ ಸರಿ.

ಅಪರಿಚಿತ ‘ಫ್ರೆಂಡ್’ ಬಂದಾಗ

ಕೆಟ್ಟ ಉದ್ದೇಶದವರು ಮೊದಲ ದಿನವೇ ಕೆಟ್ಟದಾಗಿ ಮಾತಾಡುವುದಿಲ್ಲ. ಚೆನ್ನಾಗಿ ಆಡುತ್ತೀಯಾ ಅಂತ ಹೊಗಳುತ್ತಾರೆ. ಆಟದೊಳಗಿನ ಒಂದು ಸ್ಕಿನ್ನೋ (ವೇಷ) ಡೈಮಂಡೋ ಉಡುಗೊರೆ ಕೊಡುತ್ತಾರೆ. ಯಾವ ಶಾಲೆ, ಯಾವ ಏರಿಯಾ ಅಂತ ಮಾತಿನ ನಡುವೆ ಕೇಳುತ್ತಾರೆ. ಆಮೇಲೆ ‘ಇಲ್ಲಿ ಬೇಡ, ಡಿಸ್ಕಾರ್ಡ್‌ಗೆ ಬಾ’ (ಅದು ಬೇರೆಯೇ ಒಂದು ಚಾಟ್ ಆ್ಯಪ್), ಇಲ್ಲವೇ ‘ಅಮ್ಮನ ವಾಟ್ಸಾಪ್ ನಂಬರ್ ಕೊಡು’. ಈ ಜಾಗ ಬದಲಿಸುವ ಹೊತ್ತೇ ಮುಖ್ಯ ಸುಳಿವು. ಆಟದೊಳಗೆ ಬೈಗುಳ ಹಿಡಿಯುವ, ಫೋನ್ ನಂಬರ್ ತಡೆಯುವ ಜರಡಿ ಇರಬಹುದು, ಹೊರಗೆ ಅದಿರುವುದಿಲ್ಲ. ಅಲ್ಲಿಂದ ಮುಂದೆ ಫೋಟೋ ಕೇಳುವುದು, ಮನೆಯಲ್ಲಿ ಹೇಳಬೇಡ ಅನ್ನುವುದು, ಹೇಳಿದರೆ ಈ ಫೋಟೋ ಎಲ್ಲರಿಗೂ ಕಳಿಸುತ್ತೇನೆ ಅಂತ ಹೆದರಿಸುವುದು.

ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ. ‘ಆಟದಲ್ಲಿ ಯಾರಾದರೂ ಹೆಸರು, ಶಾಲೆ, ಫೋಟೋ, ನಂಬರ್ ಕೇಳಿದರೆ ಬಂದು ಹೇಳು. ಅಮ್ಮನಿಗೆ ಹೇಳಬೇಡ ಅಂದರೆ ಓಡಿ ಬಂದು ಹೇಳು. ಫೋನ್ ಕಿತ್ಕೊಳ್ಳಲ್ಲ.’ ಕೊನೆಯ ವಾಕ್ಯವನ್ನು ಹೇಳಿದರೆ ಸಾಲದು, ಪಾಲಿಸಬೇಕು. ಹೇಳಿದ ತಕ್ಷಣ ಫೋನ್ ಕಿತ್ತುಕೊಂಡು ಬೈದರೆ ಮುಂದಿನ ಸಲ ಹೇಳುವುದಿಲ್ಲ. ಮಕ್ಕಳು ಮುಚ್ಚಿಡುವುದು ಅಪರಿಚಿತನ ಭಯಕ್ಕಿಂತ ನಮ್ಮ ಭಯಕ್ಕೇ ಜಾಸ್ತಿ.

ಆಟ ಬಿಡಿಸಲು ಆಗದಷ್ಟು ಹಚ್ಚಿಕೊಂಡಿದ್ದರೆ ಅದು ಬೇರೆ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಎಂಬುದನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆ ‘ಶಟ್’ ಎಂಬ ಕ್ಲಿನಿಕ್ ಇದೆ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಏನಾದರೂ ಆಗಿಯೇ ಹೋಗಿದ್ದರೆ ಗಾಬರಿಯಲ್ಲಿ ಚಾಟ್ ಅಳಿಸಬೇಡಿ, ಆ್ಯಪ್ ತೆಗೆಯಬೇಡಿ. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಆಟದಲ್ಲೇ ರಿಪೋರ್ಟ್, ಬ್ಲಾಕ್. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930. ದುಡ್ಡು ಹೋಗಿದ್ದರೆ 1930ಕ್ಕೆ ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು. ಮಗುವೇ ಪ್ಲೇ ಸ್ಟೋರ್‌ನಲ್ಲಿ ಏನೋ ಕೊಂಡುಬಿಟ್ಟಿದ್ದರೆ ಗೂಗಲ್‌ಗೆ ರೀಫಂಡ್ ಕೇಳಿ, 48 ಗಂಟೆಯೊಳಗೆ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಮಗುವಿನಿಂದ ಅಂಥ ಫೋಟೋ ಕೇಳುವುದೂ ಪೋಕ್ಸೊ ಕಾಯ್ದೆಯಡಿ ಅಪರಾಧವಾಗುತ್ತದೆ, ಮುಖಾಮುಖಿ ಭೇಟಿ ಆಗಿರಲೇಬೇಕು ಅಂತೇನಿಲ್ಲ. ಸ್ಕ್ರೀನ್‌ಶಾಟ್ ತೆಗೆಯುವಾಗ ಆ ವ್ಯಕ್ತಿಯ ಪ್ರೊಫೈಲ್ ತೆರೆದು ಅದರಲ್ಲಿರುವ ಐಡಿ ನಂಬರ್ ಕಾಣುವಂತೆ ತೆಗೆಯಿರಿ. ಆಟದಲ್ಲಿ ತೋರುವ ಹೆಸರನ್ನು ಯಾವಾಗ ಬೇಕಾದರೂ ಬದಲಿಸಿಕೊಳ್ಳಬಹುದು, ಪೊಲೀಸರಿಗೆ ಹುಡುಕಲು ಬೇಕಾಗುವುದು ಆ ನಂಬರ್.